ಹೈರೂಲ್‌ನಿಂದ ಹೊರಡುವ ಹೊತ್ತು: ‘ಬ್ರೆತ್ ಆಫ್ ದಿ ವೈಲ್ಡ್’ ಮುಗಿಯಿತು ಎನ್ನುವುದು ಯಾವಾಗ?

ಹೈರೂಲ್ ಎಂಬ ಕಾಲ್ಪನಿಕ ರಾಜ್ಯದಲ್ಲಿ ನಡೆಯುವ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ವಿಡಿಯೋ ಗೇಮ್‌ನಲ್ಲಿ ಕೊನೆಯ ಶತ್ರು ಗ್ಯಾನನ್ ಮೊದಲ ದಿನವೇ ಕಣ್ಣಿಗೆ ಬೀಳುತ್ತಾನೆ. ನೂರು ವರ್ಷಗಳ ನಿದ್ದೆಯಿಂದ ಎದ್ದ ಕಥಾನಾಯಕ ಲಿಂಕ್ ಮೊದಲ ಟವರ್ ಮೇಲೆ ನಿಂತಾಗ, ದೂರದ ಕೋಟೆಯನ್ನು ಸುತ್ತಿಕೊಂಡ ಗ್ಯಾನನ್‌ನ ಹೊಗೆಯನ್ನು ಆಟವೇ ತೋರಿಸುತ್ತದೆ. ಆರಂಭದ ಪ್ರಸ್ಥಭೂಮಿಯಲ್ಲಿರುವ ನಾಲ್ಕು ಶ್ರೈನ್‌ಗಳನ್ನು, ಅಂದರೆ ಒಗಟು-ಪರೀಕ್ಷೆಗಳ ಪುಟ್ಟ ಗುಡಿಗಳನ್ನು, ಮುಗಿಸಿ, ಅಲ್ಲಿರುವ ಮುದುಕನಿಂದ ಪ್ಯಾರಾಗ್ಲೈಡರ್ ಪಡೆದರೆ ಸಾಕು, ನೇರವಾಗಿ ಕೋಟೆಗೇ ನುಗ್ಗಬಹುದು. ತಡೆಯುವವರು ಯಾರೂ ಇಲ್ಲ. ವೇಗದ ಪಂದ್ಯಕ್ಕಾಗಿಯೇ ಆಡುವ ನುರಿತವರು ಇಡೀ ಆಟವನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ನನಗೆ ನೂರಾ ಎಂಬತ್ತು ಗಂಟೆಗಳಾದವು, ಆಮೇಲೂ ಮುಗಿಯಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸಲು ಒಂದು ತಿಂಗಳು ಹಿಡಿಯಿತು. ಈ ವಿಮರ್ಶೆ ಹೆಚ್ಚಾಗಿ ಆ ಒಂದು ತಿಂಗಳಿಗೆ ಸಂಬಂಧಿಸಿದ್ದು.

ಹಿದೆಮಾರೊ ಫುಜಿಬಯಾಶಿ ನಿರ್ದೇಶಿಸಿದ ಈ ಆಟ 2017ರ ಮಾರ್ಚ್ 3ರಂದು ನಿಂಟೆಂಡೊ ಸ್ವಿಚ್ ಮತ್ತು ವೀ ಯು ಯಂತ್ರಗಳಿಗೆ ಬಂದಿತು. ಓಪನ್ ವರ್ಲ್ಡ್ ಗೇಮ್ ಆಗಿ, ಅಂದರೆ ವಿಶಾಲ ಲೋಕದಲ್ಲಿ ಮನಬಂದ ಕಡೆ ತಿರುಗಲು ಬಿಡುವ ಆಟವಾಗಿ, ಇದರ ಗುಣಗಳನ್ನು ಈಗಾಗಲೇ ಅನೇಕರು ಹೇಳಿರುವುದರಿಂದ ನಾನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ: ಕಾಣುವ ಬೆಟ್ಟವನ್ನೆಲ್ಲ ಹತ್ತಬಹುದು, ಮಳೆ ಬಂದರೆ ಬಂಡೆ ಜಾರುತ್ತದೆ, ಕತ್ತಿಗಳು ಮುರಿಯುತ್ತವೆ. ಮುರಿಯುವ ಕತ್ತಿಗಳ ಬಗ್ಗೆ ದೂರುವವರೊಂದಿಗೆ ನಾನು ಜಗಳಕ್ಕೆ ಹೋಗುವುದಿಲ್ಲ, ಆದರೆ ಅವರ ಪಕ್ಷವನ್ನೂ ಸೇರುವುದಿಲ್ಲ.

ನಮ್ಮ ಹಬ್ಬದೂಟದಲ್ಲಿ ಎಲೆಯ ಮೇಲೆ ಮಜ್ಜಿಗೆ ಅನ್ನ ಬಿದ್ದಿತೆಂದರೆ ಇನ್ನು ಏಳಬೇಕೆಂಬುದು ಮಗುವಿಗೂ ಗೊತ್ತಾಗುತ್ತದೆ. ಓಪನ್ ವರ್ಲ್ಡ್ ಆಟಗಳಲ್ಲಿ ಈ ಮಜ್ಜಿಗೆಯೇ ಇರುವುದಿಲ್ಲ. 2011ರ ‘ಸ್ಕೈರಿಮ್’ನಲ್ಲಂತೂ ಕೆಲವು ಕೆಲಸಗಳನ್ನು ಆಟ ತಾನೇ ಹೊಸದಾಗಿ ಹುಟ್ಟಿಸಿ ಕೊಡುತ್ತಿರುತ್ತದೆ, ಬಡಿಸುವವನು ಎಲೆ ಬಿಟ್ಟು ಕದಲುವುದೇ ಇಲ್ಲ. ಬ್ರೆತ್ ಆಫ್ ದಿ ವೈಲ್ಡ್ ಅಷ್ಟು ಒತ್ತಾಯ ಮಾಡುವ ಆಟವಲ್ಲ. ಆದರೂ ಸಾಕು ಎನ್ನುವ ಹೊಣೆಯನ್ನು ಅದು ಪೂರ್ತಿಯಾಗಿ ಆಡುವವರ ತಲೆಗೇ ಕಟ್ಟುತ್ತದೆ, ಕಟ್ಟಿದ ಮೇಲೆ ಒಂದು ಸಂಖ್ಯೆಯನ್ನು ಮುಂದಿಟ್ಟು ಗೊಂದಲವನ್ನೂ ಎಬ್ಬಿಸುತ್ತದೆ.

ಆ ಸಂಖ್ಯೆ ಬರುವುದು ಗ್ಯಾನನ್ ಸತ್ತ ಮೇಲೆ. ಅಲ್ಲಿಯವರೆಗೆ ನಕ್ಷೆಯಲ್ಲಿ ಕಾಣದಿದ್ದ ಶೇಕಡಾವಾರು ಲೆಕ್ಕ, ಗೆದ್ದು ಬಂದವನ ಕಣ್ಣೆದುರು ಪ್ರತ್ಯಕ್ಷವಾಗುತ್ತದೆ. ಗ್ಯಾನನ್‌ನ ಹಿಡಿತದಿಂದ ನಾಲ್ಕು ದೈವೀ ಯಂತ್ರಮೃಗಗಳನ್ನು ಬಿಡಿಸಿಕೊಂಡು, 120 ಶ್ರೈನ್‌ಗಳನ್ನೂ ಮುಗಿಸಿ, ಕಳೆದುಹೋದ ನೆನಪುಗಳನ್ನೆಲ್ಲ ಹುಡುಕಿಕೊಂಡಿದ್ದ ನನಗೆ ಅದು ತೋರಿಸಿದ್ದು ಶೇಕಡಾ 38ರ ಹತ್ತಿರದ ಒಂದು ಅಂಕಿ. ಪರೀಕ್ಷೆ ಚೆನ್ನಾಗಿ ಬರೆದೆನೆಂದು ನಂಬಿ ಬಂದ ಹುಡುಗನ ಕೈಗೆ ನಪಾಸಾದ ಅಂಕಪಟ್ಟಿ ಕೊಟ್ಟ ಹಾಗಾಯಿತು.

ಇದರ ಗುಟ್ಟು ಕೊರೊಕ್ ಬೀಜಗಳಲ್ಲಿದೆ. ಕಲ್ಲಿನಡಿಯಲ್ಲಿ, ಮರದ ತುದಿಯಲ್ಲಿ, ಒಂದು ಕಲ್ಲು ಕಡಿಮೆಯಿರುವ ವೃತ್ತದಲ್ಲಿ ಅಡಗಿ ಕುಳಿತ ಕೊರೊಕ್ ಎಂಬ ಈ ಪುಟ್ಟ ಎಲೆಮುಖದ ಜೀವಿಗಳು ಒಟ್ಟು 900, ಪತ್ತೆ ಹಚ್ಚಿದರೆ ಒಂದೊಂದೂ ಒಂದು ಬೀಜ ಕೊಡುತ್ತದೆ. ಒಂದೊಂದಕ್ಕೂ ಶೇಕಡಾ 0.08ರಷ್ಟು ಬೆಲೆಯಿರುವುದರಿಂದ ಒಟ್ಟು ಲೆಕ್ಕದಲ್ಲಿ ಶೇಕಡಾ 70ಕ್ಕೂ ಹೆಚ್ಚಿನ ಪಾಲು ಅವುಗಳದ್ದೇ. ಒಂದು ಶ್ರೈನ್‌ಗೂ ಒಂದು ಕೊರೊಕ್‌ಗೂ ಅಲ್ಲಿ ಒಂದೇ ತೂಕ. ಆದರೆ ಆಯುಧದ ಚೀಲವನ್ನು ಪೂರ್ತಿ ಹಿಗ್ಗಿಸಿಕೊಳ್ಳಲು ಬೇಕಾಗುವ ಬೀಜಗಳು 441 ಮಾತ್ರ. ಉಳಿದ 459ರಿಂದ ಆಟದಲ್ಲಿ ಯಾವ ಉಪಯೋಗವೂ ಇಲ್ಲ. ಹಟ ಹಿಡಿದು 900ನ್ನೂ ಕೂಡಿಸಿ ತಂದವರಿಗೆ ಹೆಸ್ಟು ಎಂಬ ದಢೂತಿ ಕೊರೊಕ್ ಒಂದು ಉಡುಗೊರೆ ಕೊಡುತ್ತಾನೆ. ಹೊಂಬಣ್ಣದ, ಸುರುಳಿಯಾಗಿ ಸುತ್ತಿದ ಆ ವಸ್ತು ಯಾವುದನ್ನು ಹೋಲುತ್ತದೆ ಎಂಬುದನ್ನು ಮರ್ಯಾದೆಯ ಬರಹದಲ್ಲಿ ಹೇಳುವಂತಿಲ್ಲ. ಅದರಿಂದ ಸಿಗುವ ಫಲ, ಕರೆದಾಗಲೆಲ್ಲ ಹೆಸ್ಟುವಿನ ಕುಣಿತವನ್ನು ನೋಡುವ ಅವಕಾಶ. ಎಲ್ಲವನ್ನೂ ಕೂಡಿಹಾಕುವ ಚಟವನ್ನು ಆಟ ಕಟ್ಟಿದವರೇ ಹೀಗೆ ನಗೆಪಾಟಲು ಮಾಡಿರುವಾಗ, ಅದೇ ಚಟಕ್ಕೆ ಶೇಕಡಾವಾರು ಅಂಕ ಕೊಟ್ಟಿದ್ದೇಕೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ. ಈ ಆಟದ ಮೇಲೆ ನನಗಿರುವ ದೊಡ್ಡ ಆಕ್ಷೇಪಣೆ ಇದೇ.

ಏಕೆಂದರೆ ಈ ಆಟದಲ್ಲಿ ನಾನು ಕಳೆದ ಅತ್ಯುತ್ತಮ ರಾತ್ರಿಗೆ ಆ ಲೆಕ್ಕದಲ್ಲಿ ಸಿಕ್ಕಿದ್ದು ಪುಡಿಗಾಸು. ನಕ್ಷೆಯ ಆಗ್ನೇಯ ಮೂಲೆಯಲ್ಲಿ, ಸಮುದ್ರದ ನಡುವೆ, ಈವನ್‌ಟೈಡ್ ಎಂಬ ದ್ವೀಪವಿದೆ. ದೂರದ ಬಂಡೆಯ ತುದಿಯಿಂದ ಪ್ಯಾರಾಗ್ಲೈಡರ್ ಬಿಚ್ಚಿ, ದಣಿವು ನೀಗುವ ಕಷಾಯವನ್ನು ಗಾಳಿಯಲ್ಲೇ ಕುಡಿಯುತ್ತ ಅಲ್ಲಿಗೆ ತಲುಪಿದೆ. ಮರಳಿಗೆ ಕಾಲಿಟ್ಟ ಕೂಡಲೇ ಯಾವುದೋ ಧ್ವನಿ ಇದು ಪರೀಕ್ಷೆ ಎಂದಿತು, ಮೈಮೇಲಿನ ಬಟ್ಟೆ, ಕತ್ತಿ, ಬಿಲ್ಲು, ಅಡುಗೆ ಮಾಡಿ ಕೂಡಿಟ್ಟ ಊಟ ಎಲ್ಲವೂ ಮಾಯವಾದವು. ಎಂಬತ್ತು ಗಂಟೆಗಳ ಗಳಿಕೆ ಒಂದು ಕ್ಷಣದಲ್ಲಿ ಇಲ್ಲವಾಗಿ, ಮೊದಲ ದಿನದಂತೆ ಮರದ ಕೊಂಬೆಯನ್ನು ಆಯುಧವೆಂದು ಹಿಡಿದು ನಿಂತೆ. ಮೂರು ಗೋಳಗಳನ್ನು ತಂದು ಅವುಗಳ ಪೀಠದಲ್ಲಿಡಬೇಕು. ಅದರಲ್ಲೊಂದು ನಿದ್ದೆ ಹೊಡೆಯುತ್ತಿದ್ದ ಹಿನಾಕ್ಸ್ ಎಂಬ ಒಕ್ಕಣ್ಣ ದೈತ್ಯನ ಕೊರಳಲ್ಲಿ ನೇತಾಡುತ್ತಿತ್ತು. ಅವನು ಉಸಿರೆಳೆದು ಬಿಡುವಾಗಲೆಲ್ಲ ಆ ಗೋಳ ಹೊಟ್ಟೆಯ ಮೇಲೆ ಏರುತ್ತಿತ್ತು, ಇಳಿಯುತ್ತಿತ್ತು. ಮನೆಯವರೆಲ್ಲ ಮಲಗಿದ್ದರಿಂದ ನಾನೂ ಉಸಿರು ಬಿಗಿಹಿಡಿದೇ ಆಡಿದೆ. ಎಲ್ಲ ಮುಗಿದು ಶ್ರೈನ್ ಮೇಲೆದ್ದಾಗ ಬೆಳಗಿನ ಜಾವವಾಗಿತ್ತು, ಹೈರೂಲ್‌ನಲ್ಲೂ, ನಮ್ಮ ಬೀದಿಯಲ್ಲೂ.

ಇನ್ನು, ಕಥೆ ಮುಗಿದಾಗ ಆಟವೂ ಮುಗಿಯಿತೆಂದು ಎಣಿಸಬಹುದಲ್ಲವೇ ಎಂದು ಕೇಳಬಹುದು. ಹಾಗೆ ಎಣಿಸಲು ಬ್ರೆತ್ ಆಫ್ ದಿ ವೈಲ್ಡ್ ಅಷ್ಟಾಗಿ ನೆರವಾಗುವುದಿಲ್ಲ. ಯಂತ್ರಮೃಗಗಳನ್ನು ಬಿಡಿಸಿಕೊಂಡು ಹೋದವರಿಗೆ ಗ್ಯಾನನ್‌ನ ಅರ್ಧ ಪ್ರಾಣ ಮೊದಲೇ ಹಾರಿಹೋಗಿರುತ್ತದೆ. ಅದಾದ ಮೇಲೆ ಬಯಲಿನಲ್ಲಿ ಕುದುರೆಯೇರಿ ಮಾಡುವ ಅಂತಿಮ ಯುದ್ಧ ನೋಡಲು ಭರ್ಜರಿ, ಆಡಲು ಸಲೀಸು. ರಾಜಕುಮಾರಿ ಜೆಲ್ಡಾ ಬಿಡುಗಡೆಯಾಗುತ್ತಾಳೆ, ಹೆಸರುಗಳು ಉರುಳುತ್ತವೆ, ಸೇವ್ ಆಗುತ್ತದೆ. ಮತ್ತೆ ಆ ಸೇವ್ ತೆರೆದರೆ ನಾವು ಯುದ್ಧಕ್ಕೆ ಮುಂಚಿನ ಗಳಿಗೆಗೇ ಹಿಂತಿರುಗಿರುತ್ತೇವೆ: ಗ್ಯಾನನ್ ಕೋಟೆಯಲ್ಲೇ ಇದ್ದಾನೆ, ರಾಜಕುಮಾರಿ ಇನ್ನೂ ಕಾಯುತ್ತಲೇ ಇದ್ದಾಳೆ, ಸೇವ್ ಫೈಲಿನ ಪಕ್ಕದಲ್ಲೊಂದು ನಕ್ಷತ್ರ ಮಾತ್ರ ಸೇರಿಕೊಂಡಿದೆ. ಉಳಿದ ಕೆಲಸಗಳಿಗೆ ದಾರಿ ಬಿಡಲು ಹೀಗೆ ಮಾಡಿದ್ದಾರೆಂಬುದು ಅರ್ಥವಾಗುತ್ತದೆ. ಆದರೂ ಗೆಲುವಿನ ನಂತರದ ಹೈರೂಲ್‌ನಲ್ಲಿ ಒಂದು ದಿನವಾದರೂ ಓಡಾಡುವ ಆಸೆ ನೆರವೇರದೆ ಉಳಿಯಿತು.

ನನ್ನ ಮಟ್ಟಿಗೆ ನಿಜವಾದ ಮುಕ್ತಾಯ ಸಿಕ್ಕಿದ್ದು ಟ್ಯಾರಿ ಟೌನ್‌ನಲ್ಲಿ. ಅಕ್ಕಾಲಾ ಪ್ರಾಂತ್ಯದ ಕೆರೆಯೊಂದರ ನಡುವಿನ ಬೋಳು ದಿಣ್ಣೆಯ ಮೇಲೆ ಹಡ್ಸನ್ ಎಂಬ ಕಟ್ಟಡದ ಕೆಲಸಗಾರ ಒಬ್ಬನೇ ಊರು ಕಟ್ಟಲು ಹೊರಟಿರುತ್ತಾನೆ. ಅವನು ಮೊದಲು 10 ಕಟ್ಟು ಸೌದೆ ಕೇಳುತ್ತಾನೆ, ಆಮೇಲೆ 20, 30, 50. ಒಟ್ಟು 110 ಕಟ್ಟು. ಇದರ ನಡುವೆ ಗೊರೋನ್, ಗೆರುಡೊ, ರೀಟೊ, ಜೋರಾ ಜನಾಂಗಗಳಿಂದ ಒಬ್ಬೊಬ್ಬರನ್ನು ಹುಡುಕಿ ತರಬೇಕು, ಅವರ ಹೆಸರು ‘ಸನ್’ ಎಂದೇ ಕೊನೆಗೊಳ್ಳಬೇಕು, ಏಕೆಂದರೆ ಹಡ್ಸನ್‌ನ ಕಂಪನಿಯ ನಿಯಮ ಹಾಗಿದೆ. ಒಬ್ಬೊಬ್ಬರು ಬಂದು ಸೇರಿದಂತೆ ಊರಿನ ಸಂಗೀತಕ್ಕೂ ಒಂದೊಂದು ವಾದ್ಯ ಸೇರುತ್ತದೆ. ಕೊನೆಗೆ ಗೆರುಡೊ ದರ್ಜಿ ರಾಂಡ್‌ಸನ್‌ಳೊಂದಿಗೆ ಹಡ್ಸನ್‌ನ ಮದುವೆಯಾಗುತ್ತದೆ. ಈ ಊರನ್ನು ಆಟ ಹಿಂದಕ್ಕೆ ಕಿತ್ತುಕೊಳ್ಳುವುದಿಲ್ಲ. ಮಾರನೆಯ ದಿನ ಹೋದರೂ ಮನೆಗಳಿವೆ, ಅಂಗಡಿಗಳಿವೆ. ನಮ್ಮ ಅಜ್ಜಿಯ ಕಥೆಗಳು ಮದುವೆ ಮಾಡಿಸಿ ಮುಗಿಯುತ್ತಿದ್ದುದರಲ್ಲಿ ಹುರುಳಿತ್ತೆಂದು ಅಂದು ಅನ್ನಿಸಿತು.

ಆದರೂ ಕೈ ಬಿಡಲಿಲ್ಲ. ಶೇಕಡಾ 38 ಎಂಬುದು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಕಾಡುತ್ತಿದ್ದುದರಿಂದ ಇನ್ನೂ ಮೂರು ವಾರ ಬೀಜ ಹುಡುಕಿದೆ. ನನ್ನನ್ನು ನಿಲ್ಲಿಸಿದ್ದು ‘ಹೀರೋಸ್ ಪಾತ್’ ಎಂಬ ಸೌಲಭ್ಯ. 2017ರ ಜೂನ್ 30ರಂದು ಬಂದ ‘ದಿ ಮಾಸ್ಟರ್ ಟ್ರಯಲ್ಸ್’ ಎಂಬ ಹೆಚ್ಚುವರಿ ಭಾಗದೊಂದಿಗೆ ಇದು ಸಿಗುತ್ತದೆ. ಕಳೆದ 200 ಗಂಟೆಗಳಲ್ಲಿ ಲಿಂಕ್ ಎಲ್ಲೆಲ್ಲಿ ನಡೆದಿದ್ದಾನೆಂಬುದನ್ನು ನಕ್ಷೆಯ ಮೇಲೆ ಗೆರೆಯಾಗಿ ಎಳೆದು ತೋರಿಸುತ್ತದೆ. ಮೊದಲ ದಿನಗಳ ಗೆರೆ ಮೇಯಲು ಬಿಟ್ಟ ಹಸುವಿನ ಜಾಡಿನಂತಿತ್ತು: ಹೊಳೆಗೆ ಇಳಿದು, ಏನೋ ಕಂಡು ತಿರುಗಿ, ಬೆಟ್ಟವನ್ನು ಅರ್ಧ ಹತ್ತಿ, ಮಳೆಗೆ ಜಾರಿ, ಬುಡವನ್ನು ಬಳಸಿಕೊಂಡು ಹೋಗಿತ್ತು. ಕೊನೆಯ ಇಪ್ಪತ್ತು ಗಂಟೆಗಳಲ್ಲಿ ಹಾಗೆ ಹರಿದ ಗೆರೆಯೇ ಇರಲಿಲ್ಲ. ಒಂದು ಶ್ರೈನ್‌ಗೆ ಟೆಲಿಪೋರ್ಟ್ ಆಗಿ, ನೂರು ಹೆಜ್ಜೆ ನಡೆದು, ಬೀಜ ಕಿತ್ತು, ಮತ್ತೊಂದು ಶ್ರೈನ್‌ಗೆ ಹಾರಿದ ತುಂಡು ಗೀಟುಗಳು ಮಾತ್ರ ಇದ್ದವು. ನಾನು ಹೈರೂಲ್‌ನಲ್ಲಿ ನಡೆಯುವುದನ್ನು ನಿಲ್ಲಿಸಿ ಎಷ್ಟೋ ದಿನಗಳಾಗಿದ್ದವು. ನಡೆಯುವ ಮನಸ್ಸಿದೆಯೇ ಎಂದು ನೋಡಲು ಟ್ಯಾರಿ ಟೌನ್‌ನಿಂದ ಸಮುದ್ರದ ಕಡೆಗೆ ಒಮ್ಮೆ ಕಾಲ್ನಡಿಗೆಯಲ್ಲೇ ಹೊರಟೆ. ತಿರುವಿನ ಆಚೆ ಏನಿದೆ ಎಂಬುದು ನನಗೆ ಆಗಲೇ ಗೊತ್ತಿತ್ತು, ಗೊತ್ತಿದ್ದರಿಂದ ಬೇಸರವೇನೂ ಆಗಲಿಲ್ಲ. ಅಂದೇ ನಿಲ್ಲಿಸಿದೆ.

ಕೊಳ್ಳುವವರಿಗೆ ಎರಡು ಮಾತು. ಗ್ಯಾನನ್‌ನನ್ನು ಕೊನೆಗೇ ಇಟ್ಟುಕೊಳ್ಳಿ, ಆ ಶೇಕಡಾ ಲೆಕ್ಕ ಎಷ್ಟು ತಡವಾಗಿ ಕಂಡರೆ ಅಷ್ಟು ಒಳ್ಳೆಯದು. 2023ರ ಮೇ 12ರಂದು ಬಂದ ಮುಂದಿನ ಆಟ ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ನಲ್ಲಿ 152 ಶ್ರೈನ್‌ಗಳೂ 1000 ಕೊರೊಕ್ ಬೀಜಗಳೂ ಇವೆ, ಇಲ್ಲಿ ಎಲ್ಲವನ್ನೂ ಕೆರೆದು ತಿಂದು ಅಲ್ಲಿಗೆ ಹೋದವರಿಗೆ ಹಸಿವು ಉಳಿದಿರುವುದು ಕಷ್ಟ.

ನನ್ನ ಕಾರ್ಟ್ರಿಜ್ ಈಗ ಅಕ್ಕನ ಮಗನ ಬಳಿಯಿದೆ. ಅವನಿಗೆ ಬೇರೆ ಪ್ರೊಫೈಲ್ ಇರುವುದರಿಂದ ನನ್ನ ಸೇವ್ ಹಾಗೆಯೇ ಉಳಿದಿದೆ, ಟ್ಯಾರಿ ಟೌನ್‌ನ ಒಂದು ಸಂಜೆಯಲ್ಲಿ. ಮೊನ್ನೆ ಫೋನ್ ಮಾಡಿ, “ಮಾಮ, ಪೂರ್ವಕ್ಕೆ ಹೋಗು ಅಂತ ಮುದುಕ ಹೇಳಿದ, ನಾನು ಪಶ್ಚಿಮಕ್ಕೆ ಹೋದೆ, ಚಳಿಗೆ ಮೂರು ಸಲ ಸತ್ತೆ,” ಎಂದ. ಮೆಣಸಿನಕಾಯಿ ಹಾಕಿ ಅಡುಗೆ ಮಾಡಿಕೊಂಡು ತಿಂದರೆ ಚಳಿ ತಡೆಯಬಹುದು ಎಂಬುದನ್ನು ನಾನು ಅವನಿಗೆ ಹೇಳಲಿಲ್ಲ.