ನಮ್ಮೂರ ಮಹಿಳಾ ಡೈರಿ: ಐದಕ್ಕೆ ನಾಲ್ಕು ಸ್ಟಾರ್

ಹೋಟೆಲ್, ಮೊಬೈಲ್, ಮಿಕ್ಸಿ ಎಲ್ಲದಕ್ಕೂ ಸ್ಟಾರ್ ಕೊಡುತ್ತೇವೆ. ದಿನಕ್ಕೆ ಎರಡು ಸಲ ಹೋಗಿ ನಿಲ್ಲುವ ಹಾಲಿನ ಡೈರಿ ಬಗ್ಗೆ ಯಾರೂ ಎರಡು ಸಾಲು ಬರೆದಿದ್ದನ್ನು ನಾನು ನೋಡಿಲ್ಲ. ಅದಕ್ಕೇ ಇದು. ಊರು ಮುಳಬಾಗಿಲು ತಾಲ್ಲೂಕಿನದು, ಹೆಸರು ಬೇಡ. ಸೆಕ್ರೆಟ್ರಿ ಅಕ್ಕನಿಗೆ ಗೊತ್ತಾದರೆ ನಾಳೆ ಎಲ್ಲರೆದುರಿಗೆ ಬೈಸಿಕೊಳ್ಳುವವನು ನಾನೇ.

ಮೊದಲೇ ಹೇಳಿಬಿಡುತ್ತೇನೆ, ನಾನು ಸದಸ್ಯ ಅಲ್ಲ. ಇದು ಮಹಿಳಾ ಹಾಲು ಉತ್ಪಾದಕರ ಸಂಘ. ಸದಸ್ಯತ್ವ ನಮ್ಮಮ್ಮನದು, ದುಡ್ಡು ಬೀಳುವುದೂ ಅಮ್ಮನ ಖಾತೆಗೇ. ನಾನು ಕ್ಯಾನ್ ಹೊರುವವನು. ಸಾಲಿನಲ್ಲಿ ಅರ್ಧಕ್ಕರ್ಧ ಗಂಡಸರೇ ಇರುತ್ತೇವೆ, ಆದರೆ ಪಾಸ್‌ಬುಕ್ಕಿನಲ್ಲಿ ಒಬ್ಬರ ಹೆಸರೂ ಇಲ್ಲ.

ಕೋಲಾರದ ಕಡೆಯವರಿಗೆ ಡೈರಿ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ವರ್ಷವಿಡೀ ಹರಿಯುವ ಹೊಳೆ ಇಲ್ಲ, ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ಟೊಮೇಟೊ ಒಂದು ವಾರ ಬಂಗಾರ ಆದರೆ ಇನ್ನೊಂದು ವಾರ ರಸ್ತೆ ಬದಿಗೆ ಸುರಿಯಬೇಕು. ಹದಿನೈದು ದಿನಕ್ಕೊಮ್ಮೆ ತಪ್ಪದೆ ಕೈಗೆ ಬರುವುದು ಹಾಲಿನ ಬಟವಾಡೆ ಒಂದೇ. ಮಗುವಿನ ಫೀಸಿಂದ ಹಿಡಿದು ಚೀಟಿ ಕಂತಿನವರೆಗೆ ಎಲ್ಲ ಅದರಲ್ಲೇ ನಡೆಯುತ್ತದೆ.

ಮುಂಚೆ ನಾವು ಖಾಸಗಿ ವ್ಯಾನಿನವನಿಗೆ ಹಾಕುತ್ತಿದ್ದೆವು. ನೊರೆ ತೆಗೆದು ಸುರಿ ಅನ್ನುತ್ತಿದ್ದ. ಫ್ಯಾಟ್, ಅಂದರೆ ಹಾಲಿನ ಜಿಡ್ಡು, ಎಷ್ಟು ಬಂತು ಅಂತ ಅವನೊಬ್ಬನಿಗೇ ಗೊತ್ತು. ಇಲ್ಲಿ ಹಾಲು ಪರೀಕ್ಷೆ ಮಿಷನ್ನಿನ ಮುಖ ಸಾಲಿನ ಕಡೆಗೆ ತಿರುಗಿಸಿ ಇಟ್ಟಿದ್ದಾರೆ. ಸ್ಯಾಂಪಲ್ ಹಾಕಿದ ಕೂಡಲೇ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಜಿಡ್ಡು, ನೀರು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು ಅಂತ ನನಗೂ ಕಾಣುತ್ತದೆ, ನನ್ನ ಹಿಂದೆ ನಿಂತವರಿಗೂ ಕಾಣುತ್ತದೆ. ಇದರಲ್ಲಿ ಒಂದು ತೊಂದರೆ ಇದೆ, ನಿಮ್ಮ ಮಾನವೂ ಎಲ್ಲರಿಗೂ ಕಾಣುತ್ತದೆ.

ನನ್ನದು ಹೋಗಿದ್ದು ಹಾಗೇ. ಅಮ್ಮನಿಗೆ ಜ್ವರ ಅಂತ ಒಂದು ಬೆಳಗ್ಗೆ ನಾನೇ ಹಾಲು ಕರೆದು ತಂದೆ. ಹಸುವಿನ ಹಾಲಿಗೆ ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಇದ್ದರೆ ಸರಿ ಅನ್ನುವ ಲೆಕ್ಕ. ನನ್ನ ಹಾಲಿಗೆ ಬಂದಿದ್ದು 3.1. ಮಿಷನ್ ಕೆಟ್ಟಿದೆ ಅಂತ ಕೂಗಾಡಿದೆ, ಇಪ್ಪತ್ತು ಜನರ ಮುಂದೆ. ಅಕ್ಕ ಮಾತಾಡಲಿಲ್ಲ. ಕ್ಯಾನಿನಲ್ಲಿ ಸೌಟು ಆಡಿಸಿ, ಇನ್ನೊಂದು ಸ್ಯಾಂಪಲ್ ತೆಗೆದು ಹಾಕಿದರು. ಮತ್ತೆ 3.1.

"ಯಾರಪ್ಪಾ ಕರೆದಿದ್ದು?"

"ನಾನೇ ಅಕ್ಕಾ."

"ಕೊನೇ ಹಾಲು ಬಿಟ್ಟು ಎದ್ದಿದ್ದೀಯ. ಜಿಡ್ಡೆಲ್ಲ ಕೆಚ್ಚಲಲ್ಲೇ ಐತೆ."

ಹೌದು. ಕೈ ನೋಯುತ್ತಿದೆ ಅಂತ ಬೇಗ ಎದ್ದಿದ್ದೆ. ಮೊದಲು ಬರುವ ಹಾಲು ತೆಳು, ಕೊನೆಯಲ್ಲಿ ಹಿಂಡಿದಾಗ ಬರುವುದರಲ್ಲೇ ಜಿಡ್ಡು ಜಾಸ್ತಿ ಅನ್ನುವುದು ಅಮ್ಮ ನನಗೆ ಹತ್ತು ಸಲ ಹೇಳಿದ ಮಾತೇ. ವರಸೆಯಲ್ಲಿ ಈ ಸೆಕ್ರೆಟ್ರಿ ಅಕ್ಕ ನನಗೆ ದೊಡ್ಡಮ್ಮನ ಮಗಳು ಆಗಬೇಕು, ಆ ಸಲಿಗೆಯಲ್ಲಿ ಮೆಲ್ಲಗೆ ಕೇಳಿದೆ, "ಇವತ್ತೊಂದು ದಿನ ಮೂರೂವರೆ ಅಂತ ಬರ್ಕೊಳ್ಳಕ್ಕಾ."

"ಬರ್ಕೊಂಡ್ರೆ ಆ ದುಡ್ಡು ಯಾರ ಹಾಲಿಂದ ತೆಗೀಲಿ ಹೇಳು."

ಸಂಘದ ಹಾಲೆಲ್ಲ ಒಟ್ಟು ಸೇರಿ ಹಾಲು ಒಕ್ಕೂಟಕ್ಕೆ ಹೋಗುತ್ತದೆ, ಅಲ್ಲಿ ಮತ್ತೆ ಪರೀಕ್ಷೆ, ದುಡ್ಡು ಆ ಲೆಕ್ಕಕ್ಕೆ. ನನಗೆ ಇಲ್ಲಿ ಜಾಸ್ತಿ ಬರೆದರೆ ನಷ್ಟ ಬೀಳುವುದು ಸಂಘಕ್ಕೆ, ಅಂದರೆ ನನ್ನ ಹಿಂದೆ ನಿಂತಿದ್ದ ಅಜ್ಜಿಯ ಎರಡೂವರೆ ಲೀಟರಿಗೂ ಒಂದಿಷ್ಟು. ಬೆಂಗಳೂರಿನ ಕಂಪನಿಯಲ್ಲಿದ್ದಾಗ ನಮ್ಮನ್ನು ಎರಡು ದಿನ ರೆಸಾರ್ಟಿಗೆ ಕರೆದುಕೊಂಡು ಹೋಗಿ, ಕಣ್ಣಿಗೆ ಬಟ್ಟೆ ಕಟ್ಟಿ, ಚೆಂಡು ಎಸೆಸಿ ಲೀಡರ್‌ಶಿಪ್ ಕಲಿಸಿದ್ದರು. ಊಟ ಚೆನ್ನಾಗಿತ್ತು.

ಡೈರಿಯಲ್ಲಿ ಇರುವುದು ಒಂದೇ ಕುರ್ಚಿ. ಅದರಲ್ಲಿ ಅಕ್ಕ ಕೂತಿದ್ದನ್ನು ನಾನು ನೋಡಿಲ್ಲ, ಸಾಮಾನ್ಯವಾಗಿ ಯಾವುದಾದರೂ ಅಜ್ಜಿ ಕೂತಿರುತ್ತಾರೆ. ಸರ್ವ ಸದಸ್ಯರ ಸಭೆಯಲ್ಲಿ ಖರ್ಚಿನ ಲೆಕ್ಕ ಟೀ ಬಿಸ್ಕತ್ತಿನ ಸಮೇತ ಗಟ್ಟಿಯಾಗಿ ಓದುತ್ತಾರೆ. ಓದು ಬಾರದವರು ಮಧ್ಯೆ ನಿಲ್ಲಿಸಿ ಕೇಳಬಹುದು, ಕೇಳುತ್ತಾರೆ ಕೂಡ.

ಇನ್ನು ದೂರು. ಪಶು ಆಹಾರದ ಮೂಟೆ ಬೇಕಾದಾಗ ಇರುವುದಿಲ್ಲ. ಮಳೆ ಬಂದರೆ ಸಾಲಿಗೆ ಸೂರಿಲ್ಲ, ಒಂದು ಶೀಟ್ ಹಾಕಿಸಿ ಅಂತ ಎರಡು ವರ್ಷದಿಂದ ಕೇಳುತ್ತಿದ್ದೇವೆ. ಸಂಜೆ ಏಳಕ್ಕೆ ಬಾಗಿಲು ಅಂದರೆ ಏಳಕ್ಕೇ. ಒಂದು ಸಲ ಐದು ನಿಮಿಷ ತಡವಾಗಿ ಹೋಗಿ ಎಂಟು ಲೀಟರ್ ವಾಪಸ್ ತಂದೆ, ಮನೆಯಲ್ಲಿ ಎರಡು ದಿನ ಬರೀ ಮೊಸರು.

ಸ್ಟಾರ್ ಕಳೆದದ್ದು ಇದ್ಯಾವುದಕ್ಕೂ ಅಲ್ಲ. ಎಲ್ಲ ಅಕ್ಕನೊಬ್ಬರ ಕೈಯಲ್ಲೇ ಇದೆ, ಅದಕ್ಕೆ. ಹೋದ ವರ್ಷ ಮಗಳ ಬಾಣಂತನಕ್ಕೆ ಅಂತ ಒಂದು ವಾರ ಹೋದರು. ಮಿಷನ್ ಅದೇ, ಹಾಲು ಅದೇ, ಆದರೆ ಮೂರನೇ ದಿನಕ್ಕೆ ಯಾರಿಗೋ ಜಾಸ್ತಿ ಬರೆದರು ಅಂತ ಜಗಳ, ನಾಲ್ಕನೇ ದಿನ ಆರು ಮನೆಯವರು ಮತ್ತೆ ವ್ಯಾನಿನವನ ಹತ್ತಿರ. ಅಷ್ಟು ಚೆನ್ನಾಗಿ ನಡೆಸುವವರು ಇನ್ನೊಬ್ಬರನ್ನು ತಯಾರು ಮಾಡಬೇಕಿತ್ತಲ್ವಾ? ಕೇಳಿದರೆ "ಯಾರು ಬರ್ತಾರಪ್ಪಾ ಈ ಸಂಬಳಕ್ಕೆ" ಅಂದರು. ಅದೂ ನಿಜವೇ.

ಈಗ ಒಂದು ತಿಂಗಳಿಂದ ಪಿಯುಸಿ ಮುಗಿಸಿದ ಒಬ್ಬ ಹುಡುಗಿ ಸಂಜೆ ಹೊತ್ತು ಮಿಷನ್ ಹತ್ತಿರ ನಿಲ್ಲುತ್ತಿದ್ದಾಳೆ. ಅಕ್ಕ ಪಕ್ಕದಲ್ಲಿ ಕೈಕಟ್ಟಿಕೊಂಡು ನೋಡುತ್ತಿರುತ್ತಾರೆ. ಮೊನ್ನೆ ನನ್ನ ಹಾಲಿಗೆ 3.4 ಬಂತು. ಹುಡುಗಿ ಒಂದು ಸಲ ನನ್ನ ಮುಖ ನೋಡಿ, 3.4 ಅಂತಲೇ ಬರೆದಳು. ನಾನು ಚೀಟಿ ತೆಗೆದುಕೊಂಡು ಸುಮ್ನೆ ಬಂದೆ.