ದಾವಣಗೆರೆಯಲ್ಲಿ ಗಿಡದ ಅಕ್ವೇರಿಯಂ ಮಾಡಿಸೋರು ಓದಿ: ಕುಂಡದ ಗಿಡವನ್ನ ನೀರಿನ ಗಿಡ ಅಂತ ಮಾರ್ತಿದ್ದಾರೆ

ಕಡಿಮೆ ಖರ್ಚಿನಲ್ಲಿ ಮನೆಯಲ್ಲೊಂದು ಚಿಕ್ಕ ಅಕ್ವೇರಿಯಂ ಇಡಬೇಕು, ಒಳಗೆ ಪ್ಲಾಸ್ಟಿಕ್ ಗಿಡ ಬೇಡ, ನಿಜವಾದ ಗಿಡ ಇರಬೇಕು ಅಂತ ಆಸೆ ಇರೋರು ದಯವಿಟ್ಟು ಇದನ್ನ ಓದಿ, ಆಮೇಲೆ ಅಂಗಡಿಗೆ ಹೋಗಿ. ನನ್ನ 5,400 ರೂಪಾಯಿ ಹೋಯ್ತು. ಮೀನು ಎಲ್ಲಾ ಸತ್ತವು. ಗಿಡ ಎಲ್ಲಾ ಕೊಳೆತವು. ಅದಕ್ಕಿಂತ ಜಾಸ್ತಿ ಮೈ ಉರಿಸ್ತಿರೋದು ಕೇಳಿದಾಗೆಲ್ಲಾ ಅಂಗಡಿಯವನು ಕೊಟ್ಟ ಉತ್ತರ. ಅಂಗಡಿ ಹೆಸರು ಹಾಕ್ತಿಲ್ಲ. ಇದೇ ಮಾಲನ್ನ ಬೇರೆ ಕಡೆಯೂ ನೇತು ಹಾಕಿರೋದು ಆಮೇಲೆ ಕಣ್ಣಿಗೆ ಬಿತ್ತು, ಹಾಗಾಗಿ ಮಾಲು ಹೇಗಿರುತ್ತೆ ಅನ್ನೋದೇ ಮುಖ್ಯ.

ನಮ್ಮ ಅವ್ವನಿಗೆ ಮಂಡಿ ಆಪರೇಷನ್ ಆಗಿದೆ. ನಿಟ್ಟುವಳ್ಳಿಯಲ್ಲಿ ನಮ್ಮದು ಮೇಲಿನ ಮನೆ, ಅಂಗಳ ಇಲ್ಲ, ಗಿಡ ಇಡೋಕೆ ಜಾಗ ಇಲ್ಲ. ಕೂತಲ್ಲೇ ಕೂತಿರೋರಿಗೆ ಕಣ್ಣಿಗೆ ಸ್ವಲ್ಪ ಹಸಿರು ಇರಲಿ ಅಂತ ಯೋಚನೆ ಮಾಡಿದೆ. ಅಂಗಡಿಗೆ ಹೋಗಿ ಬಿಡಿಸಿ ಹೇಳಿದೆ. ನಾಲ್ಕು ಸಾವಿರ ಬಜೆಟ್, ಎರಡಡಿ ಟ್ಯಾಂಕ್, ಜೀವ ಇರೋ ಗಿಡ, ಸ್ವಲ್ಪ ಮೀನು, ನನಗೆ ಇದರ ಬಗ್ಗೆ ಏನೂ ಗೊತ್ತಿಲ್ಲ, ನೀವೇ ನೋಡಿ ಹಾಕಿಕೊಡಿ ಅಂದೆ. "ಆರಾಮಾಗಿರಿ ಅಣ್ಣ, ಇವತ್ತೇ ಸೆಟಪ್ ಮಾಡಿ ಕೊಡ್ತೀನಿ, ಸಂಜೆಗೆ ಮೀನು ಓಡಾಡ್ತಿರ್ತಾವೆ" ಅಂದ.

ಈ "ಇವತ್ತೇ" ಅನ್ನೋ ಮಾತು ನೆನಪಿಟ್ಕೊಳ್ಳಿ.

ಟ್ಯಾಂಕ್ 1,500. ಲೈಟ್ ಇರೋ ಮುಚ್ಚಳ 900. ಫಿಲ್ಟರ್ 450. ಅಕ್ವಾ ಸಾಯಿಲ್ ಅಂತ ಗಿಡ ನೆಡೋ ಮಣ್ಣು ಒಂದು ಚೀಲ 750. ಗಿಡ ಒಂದಕ್ಕೆ 120ರ ಹಾಗೆ ಹತ್ತು, 1,200. ನೀಲಿ, ಬಿಳಿ ಕಲ್ಲು 200. ನಿಯಾನ್ ಟೆಟ್ರಾ ಅನ್ನೋ ಮೀನು ಹತ್ತು, 400. ಇಷ್ಟನ್ನ ವಿಸಿಟಿಂಗ್ ಕಾರ್ಡ್ ಹಿಂದೆ ಪೆನ್ನಲ್ಲಿ ಗೀಚಿ ಕೊಟ್ಟ. ಬಿಲ್ ಕೇಳಿದೆ. "ಬಿಲ್ ಹಾಕಿದ್ರೆ ಜಿಎಸ್‌ಟಿ ಸೇರ್ತದೆ, ನಿಮಗೇ ಹೊರೆ" ಅಂದ. ಮೀನಿನ ಫುಡ್ ಡಬ್ಬಿ ಒಂದು ಫ್ರೀ ಅಂತ ಕೈಗಿಟ್ಟ. ನೀರಿನ ಬಗ್ಗೆಯೂ ಕೇಳಿದ್ದೆ, ಚೆನ್ನಾಗಿ ನೆನಪಿದೆ. ನಮ್ಮ ಕಡೆ ನಲ್ಲಿ ನೀರು ದಿನಾ ಬಿಡಲ್ಲ, ಬೋರ್ ನೀರೇ ಜಾಸ್ತಿ, ಅದು ಆಗುತ್ತಾ ಅಂದೆ. "ಯಾವ ನೀರಾದ್ರೂ ನಡೀತದೆ ಅಣ್ಣ, ಮೀನಿಗೇನು ಗೊತ್ತಾಗುತ್ತೆ?"

ಹುಡುಗ ಒಬ್ಬ ಮನೆಗೆ ಬಂದು ಮಣ್ಣು ಹಾಕಿ, ಗಿಡ ನೆಟ್ಟು, ಬೋರ್ ನೀರು ತುಂಬಿಸಿ, ಮೀನು ಬಿಟ್ಟು ಹೋದ. ಎಲ್ಲಾ ಒಂದೇ ಮಧ್ಯಾಹ್ನ. ನೀರು ಚಹಾ ಬಣ್ಣಕ್ಕೆ ತಿರುಗಿತು. ಫೋನ್ ಮಾಡಿದೆ. "ಹೊಸ ನೀರಲ್ವಾ, ಎರಡು ದಿನ ಹಂಗೇ ಇರುತ್ತೆ." ಸರಿ ಅಂತ ಸುಮ್ನಾದೆ. ಬಂದ ನೆಂಟರೆಲ್ಲಾ ನೋಡಿ ಚೆನ್ನಾಗಿದೆ ಅಂದರು, ಎಷ್ಟಾಯ್ತು ಅಂತ ಕೇಳಿದರು. ಈಗ ಅದೇ ನೆಂಟರು ಮೀನು ಹೇಗಿವೆ ಅಂತ ಕೇಳ್ತಾರೆ, ನನಗೆ ಮಾತು ಬರಲ್ಲ.

ಮೊದಲು ಗಮನಿಸಿದ್ದು ಅವ್ವ. "ಮೀನು ಯಾಕೋ ಕೆಳಗೇ ಇಳಿಯವಲ್ವಲ್ಲೋ, ಮ್ಯಾಲೇ ನಿಂತು ಬಾಯಿ ಬಡಿತಾವೆ" ಅಂದಳು. ಹೋಗಿ ನೋಡಿದೆ. ಹತ್ತೂ ನೀರಿನ ಮೇಲ್ಮೈಗೆ ಮೂತಿ ಹಚ್ಚಿ ಏದುಸಿರು ಬಿಡ್ತಿದ್ದವು, ಕಿವಿರು ಕೆಂಪಗೆ ಆಗಿತ್ತು. ಮತ್ತೆ ಫೋನ್.

"ನೀವು ಫುಡ್ ಜಾಸ್ತಿ ಹಾಕಿದೀರಿ ಅಣ್ಣ. ಹೊಸಬರೆಲ್ಲಾ ಇದೇ ಮಾಡೋದು."

ಫುಡ್ ಡಬ್ಬಿಯ ಸೀಲ್ ಇನ್ನೂ ಒಡೆದಿರಲಿಲ್ಲ ಸ್ವಾಮಿ! ಅವನ ಹುಡುಗನೇ ಹೇಳಿ ಹೋಗಿದ್ದ, ಇವತ್ತು ಹಾಕಬೇಡಿ, ನಾಳೆಯಿಂದ ಹಾಕಿ ಅಂತ. ಸೀಲ್ ಇರೋ ಡಬ್ಬಿಯ ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ರಾತ್ರಿ ಒಂದು ವಾಯ್ಸ್ ಮೆಸೇಜ್ ಬಂತು: "ಹಂಗಾದ್ರೆ ನಿಮ್ಮ ನೀರೇ ಸರಿ ಇಲ್ಲ ಅಣ್ಣ. ಬೋರ್ ನೀರು ಹಾಕಿದ್ರೆ ಇನ್ನೇನಾಗುತ್ತೆ?" ಯಾವ ನೀರಾದ್ರೂ ನಡೀತದೆ ಅಂದವನೂ ಇವನೇ, ಬೋರ್ ನೀರು ಯಾಕೆ ಹಾಕಿದ್ರಿ ಅಂತ ಕೇಳಿದವನೂ ಇವನೇ. ಬೆಳಗಾಗೋದ್ರೊಳಗೆ ಒಂದೊಂದಾಗಿ ಸತ್ತವು. ಮಿಕ್ಕ ಕೆಲವು ಆ ವಾರ ದಾಟಲಿಲ್ಲ.

ಈಗ ಗಿಡದ ವಿಷಯಕ್ಕೆ ಬರ್ತೀನಿ. ನಾನು ಇದನ್ನ ಬರೀತಿರೋದೇ ಗಿಡಕ್ಕೋಸ್ಕರ.

ಮೀನು ಹೋದ ಮೇಲೆ ಗಿಡವಾದ್ರೂ ಇರಲಿ ಅಂತ ಟ್ಯಾಂಕ್ ಹಾಗೇ ಬಿಟ್ಟೆ. ಎಲೆ ಗಾಜಿನ ಥರ ಪಾರದರ್ಶಕ ಆಗ್ತಾ ಬಂದವು. ತುದಿ ಮುಟ್ಟಿದ್ರೆ ಬೆರಳಿಗೇ ಅಂಟ್ಕೊಂಡು ಬರ್ತಿದ್ದವು. ಕೇಳಿದ್ದಕ್ಕೆ, "ಅದು ಮೆಲ್ಟ್ ಅಂತಾರೆ ಅಣ್ಣ, ಎಲ್ಲ ನೀರಿನ ಗಿಡಾನೂ ಮೊದಲು ಕರಗುತ್ತೆ, ಆಮೇಲೆ ಚಿಗುರುತ್ತೆ. ಯೂಟ್ಯೂಬ್ ನೋಡ್ರಿ" ಅಂದ. ನೋಡಿದೆ. ಮೆಲ್ಟ್ ಅನ್ನೋದು ನಿಜವಾಗಿಯೂ ಇದೆ. ಕ್ರಿಪ್ಟೋಕೋರೈನ್ ಥರದ ಗಿಡ ಜಾಗ ಬದಲಾದ್ರೆ ಹಳೇ ಎಲೆ ಎಲ್ಲಾ ಕರಗಿಸಿಕೊಂಡು ಬುಡದಿಂದ ಹೊಸ ಎಲೆ ಬಿಡುತ್ತೆ. ಅರ್ಧ ನಿಜ ಹೇಳಿ ಬಾಯಿ ಮುಚ್ಚಿಸೋದು ಅಂದ್ರೆ ಇದು. ನಾನು ನಂಬಿ ಕಾದೆ. ಚಿಗುರು ಬರುತ್ತೆ, ಚಿಗುರು ಬರುತ್ತೆ ಅಂತ ಅವ್ವನಿಗೂ ಹೇಳಿಕೊಂಡು ಕಾದೆ.

ಕೊನೆಗೆ ವಾಸನೆ ತಡೆಯೋಕಾಗದೆ ಒಂದು ಗಿಡ ಕಿತ್ತೆ. ಅದು ಮೇಲೆ ಹಸಿರು, ಕೆಳಗೆ ನೇರಳೆ ಬಣ್ಣದ ಸುಕ್ಕು ಎಲೆ ಇರೋ ಗಿಡ, "ರೆಡ್ ಅಮೆಜಾನ್" ಅಂತ ಹೇಳಿ ಕೊಟ್ಟಿದ್ದ. ಕಾಂಡ ಬುಡದಲ್ಲಿ ಕಪ್ಪಾಗಿ ಲೋಳೆ ಲೋಳೆ ಆಗಿತ್ತು, ಹಿಡಿದ ಕಡೆಯೇ ಸಿಪ್ಪೆ ಜಾರಿತು. ಬೇರನ್ನ ಬಕೆಟ್ ನೀರಲ್ಲಿ ತೊಳೆದೆ. ಬೇರಿನ ಗಂಟಿನೊಳಗಿಂದ ಕಂದು ನಾರು ಬಿಚ್ಚಿಕೊಂಡು ಬಂದು ತೇಲಿತು. ತೆಂಗಿನ ನಾರಿನ ಪುಡಿ. ಕೋಕೋಪೀಟ್. ನರ್ಸರಿ ಕುಂಡದಲ್ಲಿ ಇರುತ್ತಲ್ಲ, ಅದೇ. ಜೊತೆಗೆ ಹರಿದ ಕಪ್ಪು ಪ್ಲಾಸ್ಟಿಕ್ ಕವರಿನ ಒಂದು ಚೂರು.

ಆ ಚೂರು ಅಂಗೈಯಲ್ಲಿ ಇಟ್ಕೊಂಡು ನಿಂತುಬಿಟ್ಟೆ. ಕೈಕಾಲೆಲ್ಲಾ ಬಿಸಿಯಾಯ್ತು.

ಅದೇ ಸಂಜೆ ಒಂದು ನರ್ಸರಿಗೆ ಹೋಗಿ ಫೋಟೋ ತೋರಿಸಿದೆ. ನರ್ಸರಿಯ ಯಜಮಾನರು ಕನ್ನಡಕ ಏರಿಸಿ ನೋಡಿ, ಏನೂ ಮಾತಾಡದೆ ಕರ್ಕೊಂಡು ಹೋಗಿ ನೆಲದ ಮೇಲೆ ಸಾಲಾಗಿ ಇಟ್ಟಿದ್ದ ಕಪ್ಪು ಕವರ್ ತೋರಿಸಿದರು. ಅದೇ ಗಿಡ! ಅವರು ಅದಕ್ಕೆ ರೆಡ್ ಐವಿ ಅಂತಾರೆ, ಹೆಮಿಗ್ರಾಫಿಸ್ ಅನ್ನೋದು ಇದೇ. 25 ರೂಪಾಯಿ. ಪಕ್ಕದಲ್ಲಿ ನನ್ನ ಟ್ಯಾಂಕಿನ ಬಿಳಿ ಪಟ್ಟೆ ಗಿಡ, ಅದು ಡ್ರಸೀನಾ, ಲಕ್ಕಿ ಬ್ಯಾಂಬೂವಿನ ಜಾತಿ. ಆಚೆ ಸಾಲಿನಲ್ಲಿ ಸಿಂಗೋನಿಯಂ, ಮೊಂಡೋ ಹುಲ್ಲು. ನನ್ನ ಹತ್ತೂ ಗಿಡ ಅಲ್ಲಿದ್ದವು. "ಇವನ್ನ ನೀರಾಗೆ ಮುಳುಗಿಸಿದ್ರಾ? ಲಕ್ಕಿ ಬ್ಯಾಂಬೂನೇ ಬೇರು ಮಾತ್ರ ನೀರಾಗೆ ಇರಬೇಕು, ಎಲೆ ಹೊರಗಿರಬೇಕು. ಪೂರ್ತಿ ಮುಳುಗಿದ್ರೆ ಕೊಳಿಯೋದೇ ಸೈ" ಅಂದರು ಅವರು.

ಬೆಂಗಳೂರಿಂದ ಬಂದ ಇಂಪೋರ್ಟೆಡ್ ಗಿಡ ಅಂತ ಹೇಳಿದ್ದ ಅಂಗಡಿಯವನು ನನಗೆ!

ಮನೆಗೆ ಬಂದು ಉಳಿದದ್ದನ್ನೂ ನೋಡಿದೆ. ಅಕ್ವಾ ಸಾಯಿಲ್ ಅಂದ್ರೆ ಸುಟ್ಟ ಮಣ್ಣಿನ ಕಾಳು, ನೀರಲ್ಲಿ ನೆನೆದ್ರೂ ಕಾಳಾಗೇ ಇರಬೇಕು. ನನ್ನದು ಬೆರಳಲ್ಲಿ ಒತ್ತಿದ್ರೆ ಕೆಸರು. ಹುಲ್ಲಿನ ಚೂರು, ಒಣ ಸಗಣಿಯ ವಾಸನೆ. ಚೀಲದ ಮೇಲೆ ಕಂಪನಿ ಹೆಸರಿಲ್ಲ, ಏನೂ ಇಲ್ಲ. ಕೆಂಪು ಮಣ್ಣಿಗೆ ಗೊಬ್ಬರ ಕಲಸಿ 750 ರೂಪಾಯಿಗೆ ಮಾರಿದ್ದ. ನೀಲಿ ಕಲ್ಲಿನ ಬಣ್ಣ ಉಗುರಲ್ಲಿ ಕೆರೆದ್ರೆ ಬರ್ತಿತ್ತು. ಬಿಳಿ ಕಲ್ಲಿನ ಮೇಲೆ ವಿನೆಗರ್ ಬಿಟ್ಟೆ, ಸಣ್ಣ ಗುಳ್ಳೆ ಎದ್ದವು. ಮಾರ್ಬಲ್ ಚೂರು. ಸುಣ್ಣದ ಕಲ್ಲು ನೀರನ್ನ ಇನ್ನೂ ಗಡಸು ಮಾಡುತ್ತೆ, ಬೋರ್ ನೀರು ಮೊದಲೇ ಗಡಸು. ನಿಯಾನ್ ಟೆಟ್ರಾ ಅಮೆಜಾನ್ ಕಡೆಯ ಮೀನು, ಅದಕ್ಕೆ ಮೆದು ನೀರು ಬೇಕು. ಅಂದ್ರೆ ನೀರು ಹೀಗಿದೆ ಅಂತ ಬಾಯಿ ಬಿಟ್ಟು ಹೇಳಿದ ಮೇಲೂ ಅದಕ್ಕೆ ಆಗಿ ಬರದ ಮೀನನ್ನೇ ಕೊಟ್ಟಿದ್ದಾನೆ. ಗಪ್ಪಿ, ಮೋಲಿ ಕೊಟ್ಟಿದ್ರೆ ಗಡಸು ನೀರಲ್ಲಿ ಬದುಕ್ತಿದ್ದವು, ಬೆಲೆಯೂ ಕಡಿಮೆ.

ಆನ್‌ಲೈನಲ್ಲಿ ಅಮೋನಿಯಾ ಟೆಸ್ಟ್ ಕಿಟ್ ತರಿಸಿ ನೋಡಿದೆ. ಅಮೋನಿಯಾ ಅಂದ್ರೆ ನೀರಲ್ಲಿ ಕೊಳೆಯೋದ್ರಿಂದ, ಮೀನಿನ ಹೊಲಸಿಂದ ಹುಟ್ಟೋದು, ಮೀನಿಗೆ ವಿಷ. ಅಮೋನಿಯಾ ಇಲ್ಲದಿದ್ರೆ ಹಳದಿ ಬಣ್ಣ ಬರಬೇಕು. ಬಂದದ್ದು ಕಡು ಹಸಿರು. ಗೊಬ್ಬರದ ಮಣ್ಣು, ಕೊಳೆಯೋ ಗಿಡ, ಹೊಸ ಫಿಲ್ಟರ್, ಇನ್ನೇನಾಗುತ್ತೆ? ಹೊಸ ಟ್ಯಾಂಕಲ್ಲಿ ಅಮೋನಿಯಾವನ್ನ ನೈಟ್ರೈಟ್ ಮಾಡೋ (ಇದೂ ವಿಷವೇ), ನೈಟ್ರೈಟನ್ನ ಅಷ್ಟು ಹಾನಿ ಮಾಡದ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಬೆಳೆಯೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಲ್ಲಿವರೆಗೆ ಮೀನು ಬಿಡಬಾರದು. ಇದು ಮೀನು ಮಾರೋರಿಗೆ ಗೊತ್ತಿಲ್ವಾ? ಗೊತ್ತಿರುತ್ತೆ. ಮೀನು ಸತ್ರೆ ಮತ್ತೆ ಮೀನು ತಗೊಳ್ಳೋಕೆ ಬರ್ತಾರಲ್ಲ.

ಕೊಳೆತ ಗಿಡ, ಆ ಪ್ಲಾಸ್ಟಿಕ್ ಚೂರು, ನರ್ಸರಿಯಲ್ಲಿ ತಗೊಂಡ 25 ರೂಪಾಯಿಯ ಹೊಸ ಗಿಡ, ಮೂರನ್ನೂ ತಗೊಂಡು ಹೋಗಿ ಅಂಗಡಿಯ ಕೌಂಟರ್ ಮೇಲೆ ಇಟ್ಟೆ. ಗಿರಾಕಿಗಳಿದ್ದರು. ಅವನು ಒಂದು ಸಲ ನೋಡಿದ. ನಾಚಿಕೆ ಇಲ್ಲ, ಗಾಬರಿ ಇಲ್ಲ.

"ಅಣ್ಣ, ಇದೂ ಗಿಡಾನೇ, ಅದೂ ಗಿಡಾನೇ. ನೀರಲ್ಲಿ ಇಟ್ರೆ ನೀರಿನ ಗಿಡ."

ನರ್ಸರಿಯವರು ಹೀಗೆ ಹೇಳಿದ್ರು ಅಂದೆ. "ಹಂಗಾದ್ರೆ ನರ್ಸರಿಯಲ್ಲೇ ಮೀನೂ ತಗೊಳ್ರಿ." ಪಕ್ಕದಲ್ಲಿದ್ದವರು ನಕ್ಕರು. ನನಗೆ ಮುಖ ಎಲ್ಲಿ ಇಟ್ಕೋಬೇಕು ಗೊತ್ತಾಗಲಿಲ್ಲ. ಮೋಸ ಮಾಡಿದವನು ನಗಿಸ್ತಿದ್ದಾನೆ, ದುಡ್ಡು ಕೊಟ್ಟವನು ತಲೆ ತಗ್ಗಿಸಬೇಕು! ಗಿಡದ ದುಡ್ಡು ಮತ್ತು ಮಣ್ಣಿನ ದುಡ್ಡಾದ್ರೂ ವಾಪಸ್ ಕೊಡಿ ಅಂದೆ. "ಜೀವ ಇರೋದಕ್ಕೆ ಯಾರೂ ಗ್ಯಾರಂಟಿ ಕೊಡಲ್ಲ. ನಾಲ್ಕೈದು ಸಾವಿರಕ್ಕೆ ಇನ್ನೇನು ಬರುತ್ತೆ? ಒಂದು ಲಿಕ್ವಿಡ್ ಗೊಬ್ಬರ ಐತೆ, ಬ್ಯಾಕ್ಟೀರಿಯಾ ಬಾಟಲಿ ಐತೆ, ಎರಡೂ ಸೇರಿ 350ಕ್ಕೆ ಕೊಡ್ತೀನಿ, ಹಳೇ ಗಿರಾಕಿ ಅಂತ."

ಹಳೇ ಗಿರಾಕಿ ಅಂತ!

ಬಿಲ್ ಇಲ್ಲ, ಹಾಗಾಗಿ ಗ್ರಾಹಕರ ಸಹಾಯವಾಣಿ 1915ಕ್ಕೆ ಹೇಳೋಣ ಅಂದ್ರೂ ತೋರಿಸೋಕೆ ನನ್ನ ಹತ್ರ ಗೀಚಿದ ಕಾರ್ಡ್ ಮತ್ತು ವಾಯ್ಸ್ ಮೆಸೇಜ್ ಮಾತ್ರ ಇರೋದು. ಬಿಲ್ ಕೊಡಲ್ಲ ಅಂದ ಕ್ಷಣವೇ ಅಲ್ಲಿಂದ ಎದ್ದು ಬನ್ನಿ. ಜಿಎಸ್‌ಟಿ ಕಥೆ ಕೇಳಬೇಡಿ.

ನಾಲ್ಕು ಸಾವಿರಕ್ಕೆ ಏನೂ ಬರಲ್ಲ ಅನ್ನೋದು ಸುಳ್ಳು. ಈಗ ತಿಳ್ಕೊಂಡಿದ್ದೀನಿ, ಅದಕ್ಕೇ ಇನ್ನೂ ಸಿಟ್ಟು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗೋ 6500 ಕೆಲ್ವಿನ್ ಬಿಳಿ ಎಲ್‌ಇಡಿ ಬಲ್ಬ್ ಸಾಕು, ದಿನಕ್ಕೆ 6ರಿಂದ 8 ಗಂಟೆ. ನೀಲಿ ನೇರಳೆ ಲೈಟೇ ಬೇಕು ಅಂತೇನಿಲ್ಲ. ಮಣ್ಣೂ ಕೊಳ್ಳಬೇಕಿಲ್ಲ. ಗೊಬ್ಬರ ಹಾಕದ ಮಣ್ಣು ಜರಡಿ ಹಿಡಿದು ಒಂದು ಇಂಚು, ಅದರ ಮೇಲೆ ಚೆನ್ನಾಗಿ ತೊಳೆದ ಮರಳು ಒಂದು ಇಂಚು, ಅಷ್ಟೇ. ಗಿಡದಲ್ಲಿ ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಹೈಗ್ರೋಫಿಲಾ ಕೇಳಿ, ಹೆಸರು ಹಿಡಿದೇ ಕೇಳಿ. ವ್ಯಾಲಿಸ್ನೇರಿಯಾ ನಮ್ಮ ಬೋರ್ ನೀರಿಗೂ ಒಗ್ಗುತ್ತೆ. ಅನುಬಿಯಾಸ್, ಜಾವಾ ಫರ್ನ್ ಕೊಟ್ರೆ ಮಣ್ಣಲ್ಲಿ ಹೂಳಬೇಡಿ, ದಪ್ಪ ಗೆಡ್ಡೆಯ ಭಾಗ ಕೊಳೆಯುತ್ತೆ, ಕಲ್ಲಿಗೋ ಕಟ್ಟಿಗೆಗೋ ದಾರದಲ್ಲಿ ಕಟ್ಟಿ. ನಲ್ಲಿ ನೀರು ಹಾಕೋದಾದ್ರೆ ಕ್ಲೋರಿನ್ ಹೋಗೋಕೆ ಒಂದು ದಿನ ಬಕೆಟಲ್ಲಿ ಬಿಡಿ, ಇಲ್ಲ ಆಂಟಿ ಕ್ಲೋರಿನ್ ಹನಿ ಹಾಕಿ. ಕುಂಡದ ಗಿಡ ಗುರುತು ಹಿಡಿಯೋದು ಸುಲಭ. ನೀರಿಂದ ಮೇಲೆ ಎತ್ತಿ ಹಿಡಿಯಿರಿ. ನೀರೊಳಗೇ ಬೆಳೆದ ಎಲೆ ಜೋತು ಬೀಳುತ್ತೆ. ಕಾಂಡ ಗಟ್ಟಿಯಾಗಿ, ಎಲೆ ದಪ್ಪಗೆ ಹೊಳೀತಾ ನೆಟ್ಟಗೆ ನಿಂತರೆ ಅನುಮಾನ ಪಡಿ. ಅನುಬಿಯಾಸ್ ಥರದ ಕೆಲವು ನೀರಿನ ಗಿಡದ ಎಲೆಯೂ ಗಟ್ಟಿ ಇರುತ್ತೆ, ಅವು ಬೇರೆ. ಆಮೇಲೆ ಬೇರು ಬಿಡಿಸಿ ನೋಡಿ. ನೋಡೋಕೆ ಬಿಡದಿದ್ರೆ ತಗೊಳ್ಳಲೇಬೇಡಿ. ಇವತ್ತೇ ಮೀನು ಬಿಡ್ತೀನಿ ಅನ್ನೋ ಅಂಗಡಿಯಲ್ಲಿ ಮೀನು ಕೊಳ್ಳಬೇಡಿ.

ಟ್ಯಾಂಕ್ ತೊಳೆದು, ಆ ಮಣ್ಣೆಲ್ಲಾ ತೆಗೆದು, ಮರಳು ಹಾಕಿ ನೀರು ತುಂಬಿಸಿದ್ದೀನಿ. ಮೀನು ಈಗಲೇ ಇಲ್ಲ. ದಾವಣಗೆರೆ, ಹರಿಹರ ಕಡೆ ಯಾರ ಟ್ಯಾಂಕಲ್ಲಾದ್ರೂ ವ್ಯಾಲಿಸ್ನೇರಿಯಾ ಹಬ್ಬಿ ಜಾಸ್ತಿ ಆಗಿದ್ರೆ ಹೇಳಿ. ನಾನೇ ಬಂದು ತಗೊಂಡು ಹೋಗ್ತೀನಿ, ದುಡ್ಡು ಕೊಡ್ತೀನಿ. ಬೇರು ಮಾತ್ರ ತೊಳೆದು ನೋಡಿಯೇ ತಗೊಳ್ಳೋದು, ಬೇಜಾರು ಮಾಡ್ಕೋಬೇಡಿ.