ಬ್ರೇಡಿ ಪಟ್ಟಿ: ಕಪಾಟಿನಲ್ಲಿಡಬೇಕಾ, ಎಲ್ಲರಿಗೂ ತೋರಿಸಬೇಕಾ?

ಅಮೆರಿಕದ ಸರ್ಕಾರಿ ವಕೀಲರು ಪೊಲೀಸ್ ಸಾಕ್ಷಿಯ ಸುಳ್ಳಿನ ಚರಿತ್ರೆಯನ್ನು ಆರೋಪಿ ಕಡೆಗೆ ತಿಳಿಸಲೇಬೇಕು. ಅಲ್ಲಿನ ಸುಪ್ರೀಂ ಕೋರ್ಟಿನ 1963ರ ಬ್ರೇಡಿ, 1972ರ ಗಿಗ್ಲಿಯೊ ತೀರ್ಪುಗಳಿಂದ ಬಂದ ಹೊಣೆ ಇದು. ಅಂಥ ಚರಿತ್ರೆಯಿರುವ ಪೊಲೀಸರ ಹೆಸರುಗಳ ಪಟ್ಟಿಯೇ ಬ್ರೇಡಿ ಪಟ್ಟಿ. ಅದನ್ನು ಹೊಸದಾಗಿ ಮಾಡುವ ಸರ್ಕಾರಿ ವಕೀಲರ ಕಚೇರಿಗೆ ಎರಡು ದಾರಿ.

ಮೊದಲನೆಯದು ಕಚೇರಿಯೊಳಗಿನ ಪಟ್ಟಿ. ಕುಡಿದು ಗಾಡಿ ಓಡಿಸಿದ ಕೇಸು ಬಂತು ಅಂದುಕೊಳ್ಳಿ. ಹಿಡಿದ ಅಧಿಕಾರಿ ಹಿಂದೆ ಓವರ್‌ಟೈಮ್ ಚೀಟಿಯಲ್ಲಿ ಸುಳ್ಳು ಬರೆದಿದ್ದ. ಸಿಬ್ಬಂದಿ ಹೆಸರು ಹುಡುಕಿದರೆ ಆರೋಪಿಯ ವಕೀಲರಿಗೆ ಪತ್ರ ಹೋಗುತ್ತದೆ. ಹುಡುಕಲು ಮರೆತರೆ? ಯಾರಿಗೂ ಗೊತ್ತೇ ಆಗೋದಿಲ್ಲ. ಮೇಲಾಗಿ ಶಿಸ್ತಿನ ಕಡತ ಇರೋದು ಪೊಲೀಸರ ಹತ್ತಿರ. ‘ಅವರು ನಮಗೆ ಹೇಳಲಿಲ್ಲ’ ಅನ್ನೋ ನೆಪ ನಡೆಯಲ್ಲ. ಕೇಳಿ ತಿಳಿದುಕೊಳ್ಳುವುದು ಸರ್ಕಾರಿ ವಕೀಲರ ಕೆಲಸವೇ ಎಂದು 1995ರ ಕೈಲ್ಸ್ ತೀರ್ಪು ಹೇಳಿದೆ.

ಸಾರ್ವಜನಿಕ ಪಟ್ಟಿಯಲ್ಲಿ ಆ ಮರೆವಿಗೆ ಜಾಗ ಕಡಿಮೆ. ಹಳೇ ಕೇಸಿನ ಕೈದಿಯ ವಕೀಲರೂ ನೋಡಬಹುದು. ಆದರೆ ಪೊಲೀಸ್ ಸಂಘದ ತಕರಾರು ಜಾಸ್ತಿ. ಸಾಬೀತಾಗದ ದೂರಿನ ಮೇಲೆ ಹೆಸರು ಸೇರಿದರೆ ಅಧಿಕಾರಿಯ ಮಾನ ಹೋದಂತೆಯೇ, ಅಲ್ವಾ?

ನನ್ನ ಓಟು ಸಾರ್ವಜನಿಕ ಪಟ್ಟಿಗೆ, ಹೆಸರು ಹಾಕುವ ಮುಂಚೆ ನೋಟಿಸ್ ಕೊಡೋದಾದರೆ. ಕಡತ ಗುಟ್ಟಾಗಿಡುವ ಕಾನೂನಿರುವ ರಾಜ್ಯವಾದರೆ ಒಳಪಟ್ಟಿಯೇ ಗತಿ.